ಹೆಲ್ಸಿಂಕಿಯ ಬುಧವಾರ, ನಮ್ಮೂರ ಬುಧವಾರ

ಪ್ರಶ್ನೆ: ಮಾಸ್ತರ್ರೇ, ನಾನು ಶಿರಸಿ ತಾಲೂಕಿನ ಹಳ್ಳಿಯವ, ವಯಸ್ಸು 39. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತ ಎರಡು ಎಕರೆ ಅಡಿಕೆ ತೋಟವನ್ನೂ ನೋಡಿಕೊಳ್ಳುತ್ತೇನೆ. ಕಳೆದ ಚಳಿಗಾಲ ಕಂಪನಿಯವರು ಮೂರು ತಿಂಗಳು ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಕಳಿಸಿದ್ದರು. ಮಧ್ಯಾಹ್ನ ಮೂರೂಕಾಲಿಗೇ ಕತ್ತಲೆ. ಬಸ್ ಸ್ಟಾಪಿನಲ್ಲಿ ಮಾರು ದೂರ ಬಿಟ್ಟು ನಿಲ್ಲುವ ಜನ. ಲಿಫ್ಟಿನಲ್ಲಿ ಮಾತಿಲ್ಲ, ನಗುವಂತೂ ಕೇಳಲೇಬೇಡಿ. 2025ರ ವಿಶ್ವ ಸಂತೋಷ ವರದಿಯ ಪ್ರಕಾರ ಇವರು ಜಗತ್ತಿನಲ್ಲೇ ಹೆಚ್ಚು ಸುಖಿಗಳಂತೆ, ನಾವು 118ನೆಯವರಂತೆ! ನಮ್ಮಲ್ಲಿ ಸಂಜೆಯಾದರೆ ವಾಲಿಬಾಲ್, ರಾತ್ರಿಯಾದರೆ ಯಕ್ಷಗಾನ, ಚಳಿಗಾಲ ಮುಗಿಯುವ ಹೊತ್ತಿಗೆ ಆಲೆಮನೆ, ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಈ ಲೆಕ್ಕ ಸುಳ್ಳಲ್ಲವೇ? ಇನ್ನೊಂದು: ಆರು ಲಕ್ಷ ಕೂಡಿಟ್ಟಿದ್ದೇನೆ. ಹೆಂಡತಿಯನ್ನೂ ಒಂಬತ್ತು ವರ್ಷದ ಮಗಳನ್ನೂ ಯುರೋಪ್ ಟೂರಿಗೆ ಕರೆದೊಯ್ಯುವ ಆಸೆ. ‘ಹತ್ತು ದಿನದ ತಿರುಗಾಟಕ್ಕೆ ಆರು ಲಕ್ಷವಾ’ ಎಂದು ಅಪ್ಪನ ತಕರಾರು. ಕಡೆಯದಾಗಿ, ನಮ್ಮ ವಾಲಿಬಾಲಿಗೆ ಈಗ ಏಳೆಂಟು ಜನ ಸೇರಿದರೆ ಹೆಚ್ಚು. ನಿಲ್ಲಿಸಿಬಿಡೋಣ ಎಂಬ ಮಾತು ಬಂದಿದೆ. ಏನು ಮಾಡಲಿ?

ಉತ್ತರ: ಲೆಕ್ಕ ಸುಳ್ಳಲ್ಲ. ನೀವು ಕಣ್ಣಾರೆ ಕಂಡದ್ದೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರ, ಅಷ್ಟೇ.

2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯ ಪಟ್ಟಿ ನಿಂತಿರುವುದು ಗ್ಯಾಲಪ್ ಸಂಸ್ಥೆ ಕೇಳುವ ಒಂದೇ ಒಂದು ಪ್ರಶ್ನೆಯ ಮೇಲೆ. ಒಂದು ಏಣಿ ಇದೆ ಎಂದುಕೊಳ್ಳಿ. ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು. ತುದಿಯೆಂದರೆ ನಿಮ್ಮ ಪಾಲಿಗೆ ಸಾಧ್ಯವಿರುವ ಅತಿ ಒಳ್ಳೆಯ ಬದುಕು, ಬುಡವೆಂದರೆ ಅತಿ ಕೆಟ್ಟದ್ದು. ಈಗ ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ? ಅಮೆರಿಕದ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬವರು 1960ರ ದಶಕದಲ್ಲಿ ಬಳಕೆಗೆ ತಂದ ಏಣಿ ಇದು. ಒಂದೊಂದು ದೇಶದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನರನ್ನು ಕೇಳಿ, ಮೂರು ವರ್ಷದ ಸರಾಸರಿ ತೆಗೆದು ಪಟ್ಟಿ ಕಟ್ಟುತ್ತಾರೆ. 2025ರ ವರದಿಯಲ್ಲಿ ಫಿನ್‌ಲ್ಯಾಂಡಿನವರ ಸರಾಸರಿ 7.7, ನಮ್ಮದು 4.4. ಅವರಿಗೆ 2018ರಿಂದ ಸತತ ಎಂಟನೇ ಬಾರಿಯ ಮೊದಲ ಸ್ಥಾನ ಅದು.

ಇದೇ ಪ್ರಶ್ನೆಯನ್ನು ನಾನೊಮ್ಮೆ ಸಿದ್ದಾಪುರ ಕಡೆಯ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನೊಬ್ಬನಿಗೆ ಕೇಳಿದ್ದೆ. ಏಣಿಯ ಹಂಗಿಲ್ಲದೆ ಮರದಿಂದ ಮರಕ್ಕೆ ದಾಟುವ ಮನುಷ್ಯ. ಬಾಯಲ್ಲಿದ್ದ ಕವಳ ಉಗಿದು ಬಂದು, “ಮರದ ಮೇಲಿದ್ದಾಗ ಹತ್ತು ಮಾಸ್ತರ್ರೇ, ಕೆಳಗೆ ಇಳಿದ ಮೇಲೆ ನಾಲ್ಕು” ಎಂದ. ಕೆಳಗೆ ಇಳಿದರೆ ಸೊಸೈಟಿ ಸಾಲವಿದೆ, ಮಗಳ ಕಾಲೇಜು ಫೀ ಇದೆ, ಹಿಡಿದುಕೊಳ್ಳುವ ಮಂಡಿಯಿದೆ. ಗ್ಯಾಲಪ್‌ನವರ ಏಣಿಗೆ ಸಿಗುವುದು ಈ ನಾಲ್ಕು. ಮರದ ಮೇಲಿನ ಹತ್ತನ್ನು ಹಿಡಿಯಲು ಅವರಲ್ಲೇ ಬೇರೆ ಪ್ರಶ್ನೆಗಳಿವೆ: ನಿನ್ನೆ ನೀವು ಚೆನ್ನಾಗಿ ನಕ್ಕಿರಾ, ಏನಾದರೂ ಹೊಸದು ಕಲಿತಿರಾ, ನಿಮಗೆ ಮರ್ಯಾದೆ ಸಿಕ್ಕಿತೇ ಎಂದು. ಅಲ್ಲಿ ಬಹುಪಾಲು ಮುಂದಿರುವುದು ಪರಗ್ವೆ, ಪನಾಮದಂಥ ಲ್ಯಾಟಿನ್ ಅಮೆರಿಕದ ದೇಶಗಳು, ಫಿನ್‌ಲ್ಯಾಂಡ್ ಅಲ್ಲ. ಎರಡನ್ನೂ ಒಟ್ಟಿಗೆ ನಿಭಾಯಿಸಿದ ದೇಶ ಕೋಸ್ಟರಿಕಾ. 1948ರಲ್ಲೇ ಸೈನ್ಯವನ್ನು ರದ್ದು ಮಾಡಿದ ಪುಟ್ಟ ದೇಶ. 2025ರ ಏಣಿಪಟ್ಟಿಯಲ್ಲಿ ಆರನೆಯದು.

ಹಾಗಾದರೆ ನಮ್ಮ ಮೆಟ್ಟಿಲು ಯಾಕೆ ಕೆಳಗೆ? ಇದಕ್ಕೆ ದೊಡ್ಡ ಸಿದ್ಧಾಂತ ಬೇಡ. ನಿಮ್ಮಪ್ಪನಿಗೆ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂತು ಎಂದಿಟ್ಟುಕೊಳ್ಳಿ. ಮಣಿಪಾಲವೋ ಹುಬ್ಬಳ್ಳಿಯೋ ಎಂದು ಯೋಚಿಸುವುದರಲ್ಲೇ ಅರ್ಧ ಗಂಟೆ. ಕಾರವಾರದವರಾದರೆ ಗೋವಾ. ಇಡೀ ಜಿಲ್ಲೆ ವರ್ಷಗಟ್ಟಲೆ ಆಸ್ಪತ್ರೆಗಾಗಿ ಕೂಗಿದ್ದು ನಿಮಗೆ ಗೊತ್ತು. ಜೊತೆಗೆ ಕೊಳೆರೋಗ, ಎಲೆಚುಕ್ಕಿ, ಅಡಿಕೆ ದರ. ಫಿನ್‌ಲ್ಯಾಂಡಿನವನಿಗೆ ಏಣಿ ತೋರಿಸಿದಾಗ ಅವನ ಕಣ್ಣಿಗೆ ಇಂಥವು ಬೀಳುವುದಿಲ್ಲ. ಅವನು ಕುಣಿಯುತ್ತಿಲ್ಲ, ನಿಜ. ಹೆದರಿಕೆ ಕಡಿಮೆಯಿದೆ, ಅಷ್ಟೇ. ಏಣಿಯ ಪ್ರಶ್ನೆ ಹೆಚ್ಚಾಗಿ ಅಳೆಯುವುದು ಈ ನಿಶ್ಚಿಂತೆಯನ್ನು ಎಂಬುದು ನನ್ನ ಅಭಿಪ್ರಾಯ. ಹೀಗೆಂದ ಮಾತ್ರಕ್ಕೆ ಅದು ಸ್ವರ್ಗವೂ ಅಲ್ಲ. 1990ರ ಸುಮಾರಿಗೆ ಆತ್ಮಹತ್ಯೆಯ ಪ್ರಮಾಣದಲ್ಲಿ ಯುರೋಪಿನಲ್ಲೇ ಮುಂದಿದ್ದ ದೇಶಗಳಲ್ಲಿ ಅದೂ ಒಂದು. ಸರ್ಕಾರ ಹಟ ಹಿಡಿದು ಕೆಲಸ ಮಾಡಿದ ಮೇಲೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು.

ಇನ್ನು ನೀವು ಕಂಡ ಮೌನದ ವಿಷಯ. ಪ್ರವಾಸಿಯಾದವನು ತನ್ನ ಬಿಡುವಿನಲ್ಲಿ ನಿಂತು ಇನ್ನೊಬ್ಬರ ದುಡಿಮೆಯ ದಿನವನ್ನು ನೋಡುತ್ತಾನೆ. ಗೋಕರ್ಣಕ್ಕೆ ಬರುವ ಬಿಳಿಯರನ್ನು ಕೇಳಿ ನೋಡಿ. ‘ಇಲ್ಲಿಯವರು ಎಷ್ಟು ಖುಷಿಯಾಗಿದ್ದಾರೆ, ಏನೂ ಇಲ್ಲದಿದ್ದರೂ ನಗುತ್ತಾರೆ’ ಎನ್ನುತ್ತಾರೆ. ಕುಡ್ಲೆ ತೀರದಲ್ಲಿ ಚಹಾ ಕೊಡುವ ಹುಡುಗ ನಗುವುದು ಗಿರಾಕಿಯ ಮುಂದೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಅದೇ ತಪ್ಪನ್ನು ನೀವು ಹೆಲ್ಸಿಂಕಿಯ ಬಸ್ ಸ್ಟಾಪಿನಲ್ಲಿ ತಿರುವಿಹಾಕಿ ಮಾಡಿದ್ದೀರಿ. ನಿಮ್ಮನ್ನು ಯಾರಾದರೂ ಸೌನಾಕ್ಕೆ ಕರೆದರೇ? 55 ಲಕ್ಷ ಜನರಿಗೆ ಸುಮಾರು 30 ಲಕ್ಷ ಸೌನಾಗಳಿರುವ ದೇಶ ಅದು. ಕಾದ ಕಲ್ಲಿನ ಮೇಲೆ ನೀರು ಹೊಯ್ದು ಆ ಹಬೆಯಲ್ಲಿ ಬೆವರುತ್ತ ಕೂತಾಗ ಅವರ ಬಾಯಿ ಬಿಚ್ಚುತ್ತದೆ. ಬಚ್ಚಲೊಲೆ ಮುಂದೆ ಕೂತಾಗ ನಮ್ಮ ಅಜ್ಜಂದಿರ ಬಾಯಿ ಬಿಚ್ಚುತ್ತಿತ್ತಲ್ಲ, ಹಾಗೆ. ಬಸ್ ಸ್ಟಾಪ್ ಅವರಿಗೆ ಹರಟೆಯ ಜಾಗವಲ್ಲ.

ಒಂದು ದೇಶ ಸುಖವಾಗಿದೆಯೋ ಇಲ್ಲವೋ ಎಂದು ತಿಳಿಯಲು ನನ್ನದೇ ಒಂದು ನಾಡ ಪರೀಕ್ಷೆಯಿದೆ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಕಲಿಸಿದವನ ಪರೀಕ್ಷೆ ಎಂದು ಬೇಕಾದರೆ ರಿಯಾಯಿತಿ ಕೊಡಿ. ಬುಧವಾರ ಸಂಜೆ ಆರು ಗಂಟೆಗೆ ಅಲ್ಲಿಯ ಸಾಮಾನ್ಯ ಮನುಷ್ಯ ಎಲ್ಲಿರುತ್ತಾನೆ? ಹಬ್ಬವಲ್ಲ, ಜಾತ್ರೆಯಲ್ಲ, ವಿಶ್ವಕಪ್ ಫೈನಲ್ ಅಲ್ಲ; ಬರೀ ಬುಧವಾರ. ಮಾರಿಕಾಂಬೆಯ ಜಾತ್ರೆಯಲ್ಲಿ ಶಿರಸಿ ಸುಖವಾಗಿರುತ್ತದೆ ಎಂಬುದಕ್ಕೆ ಸಮೀಕ್ಷೆ ಬೇಕಿಲ್ಲ. ಆದರೆ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ.

ಐಸ್‌ಲ್ಯಾಂಡನ್ನು ತೆಗೆದುಕೊಳ್ಳಿ. ಜನಸಂಖ್ಯೆ ನಾಲ್ಕು ಲಕ್ಷದ ಒಳಗೆ, ಅಂದರೆ ನಮ್ಮ ಜಿಲ್ಲೆಯ ಮೂರನೇ ಒಂದು ಪಾಲೂ ಅಲ್ಲ. 2016ರ ಯುರೋ ಕಪ್ ಫುಟ್‌ಬಾಲಿನಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿದ್ದಕ್ಕೆ ಜಗತ್ತು ಅದನ್ನು ನೆನಪಿಟ್ಟುಕೊಂಡಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿಯ ಈಜುಕೊಳಗಳು. ಹಿಂದೆ ಅಲ್ಲಿಯ ಮೀನುಗಾರರು ಈಜು ಬಾರದೆ ದಡದ ಹತ್ತಿರವೇ ಮುಳುಗಿ ಸಾಯುತ್ತಿದ್ದರು. 1940ರಿಂದ ಶಾಲೆಯಲ್ಲಿ ಈಜು ಕಡ್ಡಾಯವಾಯಿತು. ಭೂಮಿಯೊಳಗಿನ ಬಿಸಿನೀರನ್ನೇ ತಿರುಗಿಸಿ ಊರೂರಿಗೆ ಬಯಲು ಕೊಳ ಕಟ್ಟಿದರು. ನೂರಕ್ಕೂ ಹೆಚ್ಚಿವೆ. ಸುತ್ತ ಹಿಮ ಬೀಳುತ್ತಿದ್ದರೂ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಕೂತು ಊರವರು ರಾಜಕೀಯ ಮಾತಾಡುತ್ತಾರೆ. ನಮ್ಮಲ್ಲಿ ಚಹಾದಂಗಡಿಯ ಬೆಂಚು ಮಾಡುವ ಕೆಲಸವನ್ನು ಅಲ್ಲಿ ಕೊಳ ಮಾಡುತ್ತದೆ. ಬೆಂಚಿಗಿಂತ ಒಂದು ಹೆಚ್ಚು: ಅಲ್ಲಿ ಅಜ್ಜಿಯೂ ಇರುತ್ತಾಳೆ, ಮೊಮ್ಮಗಳೂ ಇರುತ್ತಾಳೆ, ಪಂಚೆ ಪ್ಯಾಂಟಿನ ಅಂತಸ್ತು ಇರುವುದಿಲ್ಲ.

ನಾರ್ವೆಯದು ಇನ್ನೂ ಸ್ವಾರಸ್ಯ. ಮಕ್ಕಳ ಕ್ರೀಡೆಗೆ ಅಲ್ಲಿ ಲಿಖಿತ ನಿಯಮಗಳಿವೆ. ಹನ್ನೊಂದು ವರ್ಷದವರೆಗೆ ಅಂಕಪಟ್ಟಿ, ಶ್ರೇಯಾಂಕ ಪ್ರಕಟಿಸುವ ಹಾಗಿಲ್ಲ. ಹದಿಮೂರು ತುಂಬುವವರೆಗೆ ರಾಷ್ಟ್ರಮಟ್ಟದ ಚಾಂಪಿಯನ್‌ಶಿಪ್ ಇಲ್ಲ. ಮಗುವಿಗೆ ಯಾವ ಆಟ ಬೇಕು, ಎಷ್ಟು ಬೇಕು ಎಂಬುದರಲ್ಲಿ ಮಗುವಿನ ಮಾತಿಗೇ ಬೆಲೆ. ಇಷ್ಟು ಮೆತ್ತಗಿದ್ದರೆ ಪದಕ ಬಂದ ಹಾಗೇ ಎಂದು ನಮ್ಮವರು ನಗಬಹುದು. ಅದೇ 55 ಲಕ್ಷ ಜನರ ದೇಶ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನದಲ್ಲಿತ್ತು. ನಮ್ಮ ಶಾಲೆಗಳಲ್ಲಿ ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟರು ಕೈಗಡ ಕೇಳುವುದು ಇನ್ನೂ ನಡೆದಿದೆ. ತೀರಿಸಿದ್ದನ್ನು ನಾನು ಕಂಡಿಲ್ಲ.

ಫಿನ್‌ಲ್ಯಾಂಡಿನ ಬುಧವಾರದಲ್ಲಿ ಕಾಡು ಇದೆ. ಯಾರ ಕಾಡಾದರೂ ಸರಿ, ಮನೆಯಂಗಳಕ್ಕೆ ನುಗ್ಗದೆ ಯಾರು ಬೇಕಾದರೂ ನಡೆದಾಡಬಹುದು, ಕಾಡುಹಣ್ಣು, ಅಣಬೆ ಆರಿಸಿಕೊಳ್ಳಬಹುದು ಎಂಬ ಹಕ್ಕು ಅಲ್ಲಿ ಪ್ರತಿಯೊಬ್ಬನಿಗೂ ಇದೆ. ನೀವು ಹೋದದ್ದು ಚಳಿಗಾಲದಲ್ಲಿ, ಹಾಗಾಗಿ ಬುಟ್ಟಿ ಹಿಡಿದು ಹೊರಟವರನ್ನು ಕಂಡಿರಲಿಕ್ಕಿಲ್ಲ. ನಮಗೇನು ಇದು ಹೊಸದೇ? ಸೊಪ್ಪಿನ ಬೆಟ್ಟದಲ್ಲಿ ಕವಳಿ, ನೇರಳೆ, ಮುರುಗಲು, ಬಿಕ್ಕೆ ಎಂದು ಅಲೆದವರು ನೀವೂ ಹೌದು. ನಿಮ್ಮ ಮಗಳು ಈ ಬೇಸಿಗೆಯಲ್ಲಿ ಎಷ್ಟು ಸಲ ಬೆಟ್ಟಕ್ಕೆ ಹೋದಳು ಎಂದು ಒಮ್ಮೆ ಕೇಳಿ.

ಭೂತಾನಿನ ಹೆಸರನ್ನೂ ಈ ಮಾತಿನಲ್ಲಿ ಎಲ್ಲರೂ ತೆಗೆಯುತ್ತಾರೆ, ಹಾಗಾಗಿ ಎರಡು ಸಾಲು. ಒಟ್ಟು ರಾಷ್ಟ್ರೀಯ ಸಂತೋಷ ಎಂಬ ಮಾತನ್ನು ಜಗತ್ತಿಗೆ ಕೊಟ್ಟ ದೇಶ, 2019ರ ಏಣಿಪಟ್ಟಿಯಲ್ಲಿ ನಿಂತಿದ್ದು 95ರಲ್ಲಿ. ಈಚೆಗೆ ಅಲ್ಲಿಯ ಯುವಕರು ಸಾಲುಗಟ್ಟಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ. ಆದರೆ ಅಲ್ಲಿಯ ಬಿಲ್ಲುಗಾರಿಕೆ ಮಾತ್ರ ನನ್ನ ಮನಸ್ಸಿಗೆ ಬಂದ ಆಟ. ಒಲಿಂಪಿಕ್ಸಿನಲ್ಲಿ ಗುರಿ 70 ಮೀಟರ್ ದೂರವಿದ್ದರೆ ಅಲ್ಲಿ ಅದರ ಎರಡರಷ್ಟು, ಸುಮಾರು 145. ಬಾಣ ತಾಗಿದರೆ ತಂಡದವರು ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ, ಎದುರು ತಂಡದವರು ಗುರಿಯ ಪಕ್ಕದಲ್ಲೇ ನಿಂತು ಗೇಲಿ ಮಾಡುತ್ತಾರೆ. ಅಂಕೋಲೆಯ ಹಾಲಕ್ಕಿಗಳ ಸುಗ್ಗಿ ಕುಣಿತವನ್ನೂ ಬಿಲ್ಲು ಬಾಣವನ್ನೂ ಸೇರಿಸಿದರೆ ಹೇಗಿದ್ದೀತೋ ಹಾಗೆ.

ಈಗ ಆಟ ನೋಡುವುದಕ್ಕೂ ಆಡುವುದಕ್ಕೂ ಇರುವ ಅಂತರ. 2023ರ ನವೆಂಬರ್ 19ರ ರಾತ್ರಿ ನಿಮ್ಮೂರು ಹೇಗಿತ್ತು? ಅಹಮದಾಬಾದಿನಲ್ಲಿ ಆಸ್ಟ್ರೇಲಿಯಾ ಆರು ವಿಕೆಟ್‌ಗಳಿಂದ ಗೆದ್ದ ಮೇಲೆ ನಮ್ಮ ಓಣಿಯಲ್ಲಿ ಊಟಕ್ಕೆ ತಟ್ಟೆ ಹಾಕುವ ಸದ್ದೂ ಮೆಲ್ಲಗಾಗಿತ್ತು. ಬ್ರಿಟನ್ನಿನಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು, ಡಾಲ್ಟನ್ ಮತ್ತು ಮೆಕೆರಾನ್, 32,000 ಜನರ ಮೊಬೈಲಿನಿಂದ ಸಂಗ್ರಹಿಸಿದ ಸುಮಾರು 30 ಲಕ್ಷ ಉತ್ತರಗಳನ್ನು ಇಟ್ಟುಕೊಂಡು ಇದನ್ನೇ ಅಳೆದರು. ತಮ್ಮ ಫುಟ್‌ಬಾಲ್ ತಂಡ ಗೆದ್ದಾಗ ಬರುವ ಖುಷಿಗಿಂತ ಸೋತಾಗ ಆಗುವ ಸಂಕಟ ಸುಮಾರು ಎರಡರಷ್ಟು. ಗೆಲುವು ಸೋಲು ಸಮಸಮ ಬಂದರೂ ಅಭಿಮಾನಿಗೆ ನಷ್ಟವೇ. ಒಲಿಂಪಿಕ್ಸ್ ನಡೆಸಿದ ಊರಿನ ಕತೆಯೂ ಅಷ್ಟೇ. 2012ರ ಹಿಂದೆಮುಂದೆ ಲಂಡನ್, ಪ್ಯಾರಿಸ್, ಬರ್ಲಿನ್ ಮೂರೂ ಕಡೆ ಜನರನ್ನು ಕೇಳಿ ಹೋಲಿಸಿದರು. ಕ್ರೀಡಾಕೂಟದ ದಿನಗಳಲ್ಲಿ ಲಂಡನ್ನಿನವರ ಸಂತೋಷ ಏರಿತ್ತು. ವರ್ಷ ತಿರುಗುವಷ್ಟರಲ್ಲಿ ಇಳಿದು ಮೊದಲಿನ ಜಾಗಕ್ಕೆ ಬಂದಿತ್ತು.

ಆಡುವವರ ಲೆಕ್ಕ ಬೇರೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 8,577 ಜನರನ್ನು ಇಪ್ಪತ್ತೈದು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಏನೂ ಆಡದವರಿಗಿಂತ ಟೆನಿಸ್ ಆಡುವವರು 9.7 ವರ್ಷ ಹೆಚ್ಚು ಬದುಕಿದರು, ಬ್ಯಾಡ್ಮಿಂಟನ್ನಿನವರು 6.2, ಫುಟ್‌ಬಾಲಿನವರು 4.7, ಸೈಕಲ್ಲಿನವರು 3.7, ಒಬ್ಬರೇ ಓಡುವವರು 3.2. ಜಿಮ್ಮಿಗೆ ಹೋಗುವವರಿಗೆ ದಕ್ಕಿದ್ದು ಬರೀ ಒಂದೂವರೆ ವರ್ಷ. ಈ ಅಂಕಿಗಳನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳಬೇಡಿ. ಟೆನಿಸ್ ಆಡುವವನ ಜೇಬು ಮೊದಲೇ ಗಟ್ಟಿಯಿರುತ್ತದೆ, ಓದು ಹೆಚ್ಚಿರುತ್ತದೆ; ಸಂಶೋಧಕರು ಅದನ್ನೆಲ್ಲ ಕಳೆದು ಲೆಕ್ಕ ಹಾಕಿದ್ದರೂ ಪೂರ್ತಿ ಕಳೆಯಲು ಬರುವುದಿಲ್ಲ. ಆದರೂ ಸಾಲಿನ ಕ್ರಮವನ್ನು ಗಮನಿಸಿ. ಎದುರಿಗೆ ಇನ್ನೊಬ್ಬ ಇಲ್ಲದೆ ಆಡಲಾಗದ ಆಟಗಳೆಲ್ಲ ಮೇಲಿವೆ. ವಾಲಿಬಾಲ್ ಆ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಯಾರ ಪಕ್ಕ ಕೂರುತ್ತಿತ್ತು ಎಂದು ಊಹಿಸಲು ನನಗೆ ಕಷ್ಟವಿಲ್ಲ.

ಇದರ ಹಿಂದಿನ ಕಾರಣವನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ತಮ್ಮ ದೋಣಿ ತಂಡದ 12 ಹುಟ್ಟುಗಾರರ ಮೇಲೆ ಪರೀಕ್ಷಿಸಿದರು. ಯಂತ್ರದ ಮೇಲೆ ಒಮ್ಮೆ ಒಬ್ಬೊಬ್ಬರೇ, ಒಮ್ಮೆ ಗುಂಪಾಗಿ ಒಂದೇ ತಾಳಕ್ಕೆ ಹುಟ್ಟು ಹಾಕಿಸಿದರು. ಆಮೇಲೆ ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ, ನೋವು ಎನ್ನುವವರೆಗೆ ಬಿಗಿದರು. ಶ್ರಮ ಅಷ್ಟೇ ಇದ್ದರೂ ಒಟ್ಟಿಗೆ ಹುಟ್ಟು ಹಾಕಿದ ದಿನ ನೋವು ತಾಳುವ ಶಕ್ತಿ ಹೆಚ್ಚಿತ್ತು. ಮೈಯೊಳಗೇ ಹುಟ್ಟುವ ಎಂಡಾರ್ಫಿನ್ ಎಂಬ ನೋವುನಿವಾರಕದ ಕೆಲಸ ಅದು ಎನ್ನುತ್ತಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ರಂಪಣಿ. ನಾನು ಅಂಕೋಲೆ ಕಡಲ ಬದಿಯವ. ಸಣ್ಣವನಿದ್ದಾಗ ರಂಪಣಿ ಬಲೆ ಬಿಟ್ಟರೆಂದರೆ ದಂಡೆಯಲ್ಲಿ ಎರಡು ಸಾಲು, ಇಡೀ ಕೇರಿಯೇ ಹಗ್ಗಕ್ಕೆ. ಕೂಗಿಗೆ ಕೂಗು ಕೊಟ್ಟು ಒಂದೇ ಸಲ ಎಳೆಯಬೇಕು. ಹುಡುಗರು ಹಗ್ಗದ ಬಾಲ ಹಿಡಿದರೂ ಸಾಕು, ಕಡೆಗೆ ಒಂದು ಬೊಗಸೆ ತಾರ್ಲೆಯೋ ನಾಲ್ಕು ಬಂಗುಡೆಯೋ ಪಾಲಿಗೆ ಬರುತ್ತಿತ್ತು. ಅಂಗೈ ಸುಲಿದದ್ದು ಗೊತ್ತಾಗುತ್ತಿದ್ದದ್ದು ರಾತ್ರಿ ಸಾರಿಗೆ ಕೈ ಹಾಕಿದಾಗ. 1970ರ ದಶಕದ ಕಡೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನು ದಂಡೆಗೆ ಬರುವ ಮೊದಲೇ ಅಲ್ಲೇ ನಡುಗಡಲಲ್ಲಿ ಖಾಲಿ. ರಂಪಣಿಯ ಜೊತೆ ಹೋದದ್ದು ಮೀನಿನ ಪಾಲಷ್ಟೇ ಎಂದು ಬಹಳ ವರ್ಷ ತಿಳಿದಿದ್ದೆ.

ಪ್ರವಾಸಕ್ಕೆ ಬರೋಣ. ನೆದರ್ಲೆಂಡ್ಸಿನ ಯೆರೂನ್ ನಾವೈನ್ ಮತ್ತು ಅವರ ಸಂಗಡಿಗರು 2010ರಲ್ಲಿ 1,530 ಡಚ್ಚರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ 974 ಮಂದಿ ಪ್ರವಾಸ ಹೋಗಿಬಂದವರು. ಹೊರಡುವ ಮೊದಲು ಅವರು ಉಳಿದವರಿಗಿಂತ ಹೆಚ್ಚು ಖುಷಿಯಾಗಿದ್ದರು. ತಿರುಗಿ ಬಂದ ಮೇಲೆ ಹೋದವರಿಗೂ ಹೋಗದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ‘ತುಂಬ ಆರಾಮಾಗಿತ್ತು’ ಎಂದ ಕೆಲವರಿಗೆ ಮಾತ್ರ ಖುಷಿ ಕೆಲ ದಿನ ಉಳಿಯಿತು. ಅಂದರೆ ಪ್ರವಾಸದ ಬೆಲ್ಲದ ಹೆಚ್ಚು ಪಾಲು ಕಾಯುವುದರಲ್ಲೇ ಇದೆ. ನಿಮ್ಮಪ್ಪ ಇದನ್ನು ಓದಿ ‘ನೋಡು, ನಾನು ಹೇಳಿದ್ದೇ’ ಎನ್ನುವ ಮೊದಲು ಮುಂದಿನದನ್ನೂ ಓದಲಿ.

ನಾನು ಕುಮಟೆಯಲ್ಲಿದ್ದಾಗ ಒಮ್ಮೆ ಕಾಲೇಜು ತಂಡವನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿದ್ದೆ. ಮೊದಲ ಸುತ್ತಿನಲ್ಲೇ ಸೋತೆವು, ನೇರ ಸೆಟ್ಟುಗಳಲ್ಲಿ. ಬರುವಾಗ ಅರಬೈಲ್ ಘಟ್ಟದ ಮೇಲೆ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರಲು ಮೂರು ತಾಸು. ಹುಡುಗರು ಸುಮ್ಮನಿರುತ್ತಾರೆಯೇ? ರಸ್ತೆಬದಿಯ ಬಯಲಲ್ಲಿ ಒಂದು ಮತ್ತಿಮರಕ್ಕೂ ಬಸ್ಸಿನ ಹಿಂದಿನ ಏಣಿಗೂ ಹಗ್ಗ ಕಟ್ಟಿ ಆಟ ಶುರುವಿಟ್ಟರು. ಡ್ರೈವರ್ ಒಂದು ಕಡೆ, ಕಂಡಕ್ಟರ್ ಇನ್ನೊಂದು ಕಡೆ. ಹಾವೇರಿಯಿಂದ ಗಂಡನ ಮನೆಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಮಗುವನ್ನು ಸೀಟಿನಲ್ಲಿ ಮಲಗಿಸಿ ಬಂದು ಅಂಕ ಎಣಿಸಿದಳು. ಆ ಹುಡುಗರಿಗೆ ಈಗ ಐವತ್ತು ದಾಟಿದೆ. ಸಿಕ್ಕಾಗಲೆಲ್ಲ ಅರಬೈಲಿನ ಮಾತೇ. ಧಾರವಾಡದಲ್ಲಿ ಯಾರ ಕೈಲಿ ಸೋತೆವು ಎಂಬುದು ಅವರಿಗೂ ನೆನಪಿಲ್ಲ, ನನಗೂ ಇಲ್ಲ.

ಹಾಗಾಗಿ ಆರು ಲಕ್ಷದ ಬಗ್ಗೆ ನನ್ನ ಸಲಹೆ ಹೀಗೆ. ಹೋಗಬೇಡಿ ಎನ್ನಲಾರೆ. ಹತ್ತು ದಿನದಲ್ಲಿ ಆರು ದೇಶ ತೋರಿಸುವ ಪ್ಯಾಕೇಜಿಗೆ ಮಾತ್ರ ಹೋಗಬೇಡಿ. ಅದರಲ್ಲಿ ನಿಮ್ಮ ಮಗಳು ಹೆಚ್ಚಾಗಿ ನೋಡುವುದು ಬಸ್ಸಿನ ಮುಂದಿನ ಸೀಟಿನ ಬೆನ್ನು. ಒಂದೇ ಊರು ಹಿಡಿಯಿರಿ. ನಿಮಗೆ ಹೆಲ್ಸಿಂಕಿಯ ಬಸ್ಸು, ಅಂಗಡಿ ಪರಿಚಯವಿದೆ, ಅಲ್ಲಿಗೇ ಬೇಸಿಗೆಯಲ್ಲಿ ಹೋಗಿ, ರಾತ್ರಿ ಹತ್ತೂವರೆಗೂ ಬೆಳಕಿರುವಾಗ. ಹಣ್ಣು ಆರಿಸಿ, ಸೌನಾದಲ್ಲಿ ಕೂರಿ, ಮಕ್ಕಳ ಆಟದ ಬಯಲಲ್ಲಿ ಮಗಳನ್ನು ಬಿಡಿ. ಟಿಕೆಟ್ಟನ್ನು ಆರು ತಿಂಗಳು ಮೊದಲೇ ತೆಗೆದು, ನಕ್ಷೆ ಹರಡಿಕೊಂಡು ಎಲ್ಲಿಗೆ ಹೋಗುವುದೆಂದು ಗುರುತು ಹಾಕುವ ಕೆಲಸ ಅವಳಿಗೇ ಕೊಡಿ. ಆ ಆರು ತಿಂಗಳಿನ ಖುಷಿಗೆ ಬೇರೆ ಖರ್ಚಿಲ್ಲ.

ಅದಕ್ಕೂ ಮೊದಲು ಒಂದು ಕೆಲಸವಿದೆ, ಅದಕ್ಕೆ ಲಕ್ಷ ಬೇಡ. ನೀವು ಘಟ್ಟದ ಮೇಲಿನವರು. ದೇವಿಮನೆ ಘಟ್ಟ ಇಳಿದರೆ ಕಡಲು ಅರವತ್ತು ಕಿಲೋಮೀಟರ್. ಮಗಳಿಗೆ ಈಜು ಬರುತ್ತದೆಯೇ? ನಮ್ಮ ಕಾಲದಲ್ಲಿ ಒಣಗಿದ ತೆಂಗಿನಕಾಯಿ ಎರಡನ್ನು ಜೋಡಿಸಿ ಬೆನ್ನಿಗೆ ಕಟ್ಟಿ ಕೆರೆಗೆ ನೂಕುತ್ತಿದ್ದರು. ಈಗಿನ ಮಕ್ಕಳಿಗೆ ಕೆರೆಯೂ ಇಲ್ಲ, ಕಾಯಿಯೂ ಇಲ್ಲ. ಗೋಕರ್ಣ, ಮುರ್ಡೇಶ್ವರಗಳಲ್ಲಿ ನೀರುಪಾಲಾದವರ ಸುದ್ದಿ ಪ್ರತಿ ವರ್ಷ ಓದುತ್ತೀರಿ. ಅವರಲ್ಲಿ ಹೆಚ್ಚಿನವರು ಕಡಲನ್ನು ವರ್ಷಕ್ಕೊಮ್ಮೆ ನೋಡಲು ಬಂದವರು. ಕಲಿಸುವವರು ಜೊತೆಗಿದ್ದು, ಮಳೆಗಾಲ ಬಿಟ್ಟು, ತಿಂಗಳಿಗೆರಡು ಭಾನುವಾರ. ಒಂದು ದೊಡ್ಡ ಪ್ರವಾಸಕ್ಕಿಂತ ಇಪ್ಪತ್ತು ಸಣ್ಣ ಪ್ರಯಾಣಗಳು ಅವಳ ಮೈಯಲ್ಲಿ ಉಳಿಯುತ್ತವೆ.

ಇಷ್ಟು ಬರೆದ ಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ನಿಮ್ಮ ಆಸೆಯಿದೆ, ನಿಮ್ಮಪ್ಪನ ತಕರಾರಿದೆ, ಗೆಳೆಯರ ಮಾತಿದೆ. ನಿಮ್ಮ ಹೆಂಡತಿಯ ಮಾತು ಒಂದೂ ಇಲ್ಲ. ಬುಧವಾರ ಸಂಜೆ ಐದೂವರೆಗೆ ನೀವು ವಾಲಿಬಾಲ್ ಅಂಕಣದಲ್ಲಿದ್ದಾಗ ಅವರು ಎಲ್ಲಿರುತ್ತಾರೆ? ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೋ, ಮಾವನಿಗೆ ಚಹಾ ಮಾಡುತ್ತಲೋ ಇರಬೇಕು. ಇದು ನಿಮ್ಮೊಬ್ಬರ ಮನೆಯ ಕತೆಯಲ್ಲ. ವಾರಕ್ಕೆ 150 ನಿಮಿಷ ಸ್ವಲ್ಪ ಏದುಸಿರು ಬರುವಷ್ಟು ಮೈ ಆಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರ ಲೆಕ್ಕದಂತೆ ಅಷ್ಟೂ ಮಾಡದ ವಯಸ್ಕರು ನಮ್ಮ ದೇಶದ ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ‘ಮನೆಗೆಲಸವೇ ವ್ಯಾಯಾಮ’ ಎಂದು ಯಾರಾದರೂ ಹೇಳಿದರೆ, ನಾಳೆಯಿಂದ ವಾಲಿಬಾಲ್ ಬಿಟ್ಟು ಅದನ್ನೇ ಮಾಡು ಎಂದು ಹೇಳಿ ನೋಡಿ. ಐಸ್‌ಲ್ಯಾಂಡಿನ ಕೊಳದಲ್ಲಿ ಅಜ್ಜಿಯಿರುತ್ತಾಳೆ ಎಂದು ಮೇಲೆ ಬರೆದದ್ದು ಸುಮ್ಮನೆ ಅಲ್ಲ. ಆ ದೇಶಗಳ ಸರಾಸರಿ ಮೇಲಿರುವುದಕ್ಕೆ ಅರ್ಧ ಜನಸಂಖ್ಯೆಯನ್ನು ಅಂಗಳದಲ್ಲೇ ಬಿಟ್ಟು ಬಾರದೇ ಇರುವುದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಆದ್ದರಿಂದ ಅಂಕಣ ಮುಚ್ಚಬೇಡಿ. ಹನ್ನೆರಡು ಜನ ಇಲ್ಲದಿದ್ದರೇನಂತೆ, ಎಂಟು ಜನರಿಗೆ ನಾಲ್ಕು-ನಾಲ್ಕರ ಆಟ ಆರರದ್ದಕ್ಕಿಂತ ಚುರುಕು. ಅಂಕಣವನ್ನು ಎರಡೂ ಬದಿ ಒಂದು ಮೀಟರ್ ಒಳಗೆ ತನ್ನಿ. ವಾರದಲ್ಲಿ ಎರಡು ದಿನ ಹೆಂಗಸರಿಗೆ ಬಿಡಿ. ಎಷ್ಟು ಗಂಟೆಗೆ ಎಂದು ನೀವು ಗೊತ್ತುಮಾಡಬೇಡಿ, ಅವರನ್ನೇ ಕೇಳಿ. ಥ್ರೋಬಾಲ್ ಶಾಲೆಯಲ್ಲಿ ಆಡಿದವರು ನಿಮ್ಮ ಊರಲ್ಲಿ ಹತ್ತು ಜನರಾದರೂ ಇದ್ದೇ ಇರುತ್ತಾರೆ. ಮದುವೆಯಾಗಿ ಬಂದ ಮೇಲೆ ಅವರು ಚೆಂಡು ಮುಟ್ಟಿಲ್ಲ, ಅಷ್ಟೇ. ಆ ಹೊತ್ತಿಗೆ ಹಾಲು ಕರೆಯುವುದು ಯಾರು ಎಂಬ ಪ್ರಶ್ನೆ ಖಂಡಿತ ಏಳುತ್ತದೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಗೂಡಿಸುವ ಮುಯ್ಯಾಳಿನ ಊರಿನವರು ನೀವು, ಅದನ್ನು ಬಗೆಹರಿಸಲು ನಾನು ಬೇಕಿಲ್ಲ. ಯುರೋಪಿನ ಮಾತನ್ನೂ ಮೊದಲು ಅವರ ಹತ್ತಿರವೇ ಎತ್ತಿ. ಅವರ ಮನಸ್ಸಿನಲ್ಲಿ ಬೇರೆ ಊರೇ ಇರಬಹುದು.

ಕಂಬದ ವಿಷಯ ಒಂದು ಹೇಳಿ ಮುಗಿಸುತ್ತೇನೆ. ವಾಲಿಬಾಲ್ ನೆಟ್ಟಿನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ನಿಮ್ಮದು ಅಡಿಕೆ ಮರದ ಕಂಬವಾಗಿದ್ದರೆ ಈಗಾಗಲೇ ಬುಡ ಲಡ್ಡಾಗಿರುತ್ತದೆ, ಕಬ್ಬಿಣದ ಪೈಪು ಹಾಕಿಸಿ. ಎರಡು ಎತ್ತರಕ್ಕೂ ಕೊಕ್ಕೆ ಬೆಸೆಸಿ. ಮಗಳ ಓರಗೆಯ ಮಕ್ಕಳಿಗೆಂದು ಎರಡು ಮೀಟರಿಗೆ ಇನ್ನೊಂದು ಕೊಕ್ಕೆ ಇರಲಿ. ಮಳೆ ಹಿಡಿಯುವ ಮೊದಲೇ ಆಗಬೇಕು ಇದು, ಆಮೇಲೆ ನಿಮ್ಮ ಕಡೆ ಗುಂಡಿ ತೋಡಿದರೆ ನೀರೇ ಬರುತ್ತದೆ.